ಅರ್ಧ ಟಿಕೀಟು

ಬಾಗಲಕೋಟಿ ಡಿಪೋದಾಗ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ.
ಬಸ್ಸಿನ ಬಾಗಿಲ ಮಗ್ಗಲಕ ಒಂದು ಹಳದಿ ಗೆರಿ:
ತಲಿ ಅದರ ಕೆಳಗಿದ್ರ ಅರ್ಧ ಟಿಕೀಟು, ಮ್ಯಾಲಿದ್ರ ಪೂರಾ.
ಗುಳೇದಗುಡ್ಡದಾಗ ಹತ್ತೂ ತಾಯಂದಿರು
ಹುಡುಗರ ಮಣಕಾಲ ಹಿಂದ ಮೆಲ್ಲಕ ಗುದ್ದತಿದ್ರು,
ಹುಡುಗ ಎರಡು ಬೆರಳು ಕುಗ್ಗತಿತ್ತು.
ನೋಡಿಯೂ ನೋಡಧಂಗ ಅರ್ಧ ಹರದು ಕೊಡತಿದ್ದೆ.
ಒಮ್ಮೊಮ್ಮೆ ಕೊಡತಿರಲಿಲ್ಲ.
ಅದು ಅವತ್ತಿನ ನನ್ನ ಬಿಸಲಿನ ಮ್ಯಾಲಿತ್ತು.

ಶ್ರಾವಣದಾಗ ಜ್ವರ ಬಂತು, ಎಂಟು ದಿನಕ್ಕ ಹೋತು,
ಹೋಗೂವಾಗ ನನ್ನೂ ಕರಕೊಂಡು ಹೋತು.
ಉಳದದ್ದು ಈ ಮೈ, ಹೊಳಿಯಾಗ ನೆನಸಿದ ಕೌದಿ:
ಎತ್ತಾಕ ನಾಕು ಕೈ ಬೇಕು, ಇರೂವು ಎರಡು,
ಅವೂ ಅದರಾಗ ಹೊಲದಾವು.

ನವನಗರದ ದವಾಖಾನಿ.
ಹಿರೇ ಡಾಕ್ಟರು ಕಟ್ಟಿಮನಿಯವರ ಕಡೆ ಹಳೇ ಪಟ್ಟಿ,
ಝೆರಾಕ್ಸಿನ ಝೆರಾಕ್ಸು, ಅಕ್ಷರ ಮಾಸ್ಯಾವು.
ಆರು ತಿಂಗಳ ದಣಿವು, ಎಂಟರಾಗ ನಾಕು ಲಕ್ಷಣ.
ಗಂಟಲು? ನೋಯತೈತಿ. ಕೀಲು? ಅವೂ.
ಮಲಗಿ ಎದ್ರೂ ಮಲಗಿಲ್ಲ ಅನಸತೈತಿ? ಹೂನ್ರಿ.
ನೆನಪು? ಏನು ಕೇಳಿದ್ರಿ?
ನಾಕಾತು, ಅಂತ ನಕ್ರು. ನೀ ಒಳಗ.

ಇನ್ನೊಂದು ಖೋಲಿಯಾಗ ಸಬೀಹಾ ಇನಾಮದಾರ, ಇನ್ನೂ ಕಲಿಯೂ ಹುಡುಗಿ,
ಕೈಯಾಗ ಹೊಸಾ ಪಟ್ಟಿ.
ಎಣಿಸೂದು ಬ್ಯಾಡ್ರಿ ಅಕ್ಕಾರ, ಒಂದಽ ಕೇಳತೀನಿ:
ಇವತ್ತು ನಾಕು ಅರಬಿ ಒಗದ್ರ ನಾಳೆ ಏನಾಗತೈತಿ?
ನಾಳೆ ಏನಾಗಂಗಿಲ್ಲವ್ವಾ, ಅಂದೆ,
ನಾಡದು ನನ್ನ ಹೆಣ ಎತ್ತಬೇಕು.
ಆಕಿ ಪೆನ್ನು ಇಟ್ಟಳು.
ಫಾರ್ಮಿನಾಗ ನಾಳೆಗೆ ಖಾನೆ ಇತ್ತು,
ನಾಡದಿಗೆ ಇರಲಿಲ್ಲ.

ಪರದೆ ಆಚಿಗೆ ಇಬ್ಬರ ಜಗಳ.
ಗೆರಿ ಇಷ್ಟು ಬಿಗದ್ರ ಅರ್ಧ ಮಂದಿ ಹೊರಗ ಬೀಳತಾರ,
ಅವರಿಗೆ ಯಾರದವ್ವಾ ದವಾಖಾನಿ? ಅಂತ ಅವರು.
ಇಷ್ಟು ಸಡಲ ಬಿಟ್ರ, ಅಂತ ಈಕಿ,
ದುಃಖದವರು, ರಾತ್ರಿಪಾಳಿಯವರು, ರಕ್ತ ಕಮ್ಮಿ ಇದ್ದವರು
ಎಲ್ಲಾರೂ ಒಂದಽ ಬಸ್ಸಿಗೆ ಹತ್ತತಾರ್ರೀ ಸರ್.
ಆಮ್ಯಾಲ ಅವರನ್ನ ನಡಿಸಿ, ನಡದ್ರ ಆರಾಮ ಆಗತೈತಿ ಅಂತ ಬರೀತೀವಿ.
ನಡದು ಬಿದ್ದವರನ್ನ ಯಾವ ಸಾಲಿನಾಗ ಬರೀತೀವಿ?

ಪರದೆ ಈಚಿಗೆ ನನಗ ಗೊತ್ತಿತ್ತು ಯಾವ ಸಾಲು.
ಹೋದ ವರ್ಷ ದಿನಕ್ಕ ಹತ್ತು ನಿಮಿಷ ಹೆಚ್ಚಿಸು ಅಂದಿದ್ರು.
ಹೆಚ್ಚಿಸಿದೆ. ಡ್ಯೂಟಿ ಅಂದ್ರ ಡ್ಯೂಟಿ.
ಒಂಬತ್ತನೇ ದಿನ ನೀರಿನ ಟಾಕಿ ಬುಡಕ ಕುಂತಾಕಿ ಏಳಲಿಲ್ಲ,
ಆಟೋದ ಹುಡುಗ ಮನಿಗೆ ತಂದು ಇಳಿಸಿದ,
ಅಮಾಸಿ ಬಂದು ಹೋದದ್ದು ತಿಳೀಲಿಲ್ಲ.
ಅವರ ಕಾಗದದಾಗ ನನ್ನ ಹೆಸರಿನ ಮುಂದ ಬರದಿದ್ರು:
ಅರ್ಧಕ್ಕ ಬಿಟ್ಟಾಕಿ.

ಮೂರನೇ ಪಟ್ಟಿ ಡಿಪೋದ್ದು, ಅದಕ್ಕ ಕಾಗದ ಬೇಕಿಲ್ಲ.
ಲಕ್ಷಣ ಒಂದಽ: ಮೈಗಳ್ಳಿ.
ಅದರಾಗೂ ನಾ ಪಾಸ್.

ಹಳೇ ಊರಾಗ ನಮ್ಮಪ್ಪನ ಗ್ವಾಡಿಗೂ ಗೆರಿ ಎಳದಿದ್ರು,
ಹಿನ್ನೀರು ಇಲ್ಲೀಮಟ ಅಂತ.
ಬಾಜೂ ಮನಿಗೆ ಗೆರಿ ಬೀಳಲಿಲ್ಲ, ರೊಕ್ಕಾನೂ ಬರಲಿಲ್ಲ.
ನೀರಿಗೆ ಓದಾಕ ಬರತಿರಲಿಲ್ಲ,
ಎರಡೂ ಮನಿಗೆ ಹೋತು.

ಕಡೀಕ ಕರದ್ರು. ಮೇಜಿನ ಮ್ಯಾಲೆ ಎರಡು ಫಾರ್ಮು,
ಒಂದರಾಗ ನಾ ಇದ್ದೆ, ಇನ್ನೊಂದರಾಗ ಪ್ರಶ್ನಾರ್ಥಕ ಚಿಹ್ನಿ.
ಹಗುರ ಕೆಲಸದ ಚೀಟಿಗೆ ಯಾವದು ನಡೀತೈತಿ, ಕೇಳಿದೆ.
ಇಬ್ಬರೂ ಸುಮ್ಮನಾದ್ರು. ಫ್ಯಾನು ತಿರಗತಿತ್ತು.
ಎದ್ದು ನಿಂದರ್ರಿ, ಕುಂತಾಗ ನಿಂತಾಗ ನಾಡಿ ನೋಡತೀನಿ, ಅಂದ್ಲು ಸಬೀಹಾ.
ನಿಂತೆ.
ಗ್ವಾಡಿಗೆ ಎತ್ತರ ಅಳಿಯೂ ಪಟ್ಟಿ ಬಡದಿದ್ರು,
ಅದನ್ನ ನೋಡಿದ್ದಽ ತಡ
ನನ್ನ ಮಣಕಾಲು ಎರಡು ಬೆರಳು ಮಡಚಿದ್ವು.

ಯಾರೂ ಹಿಂದ ಗುದ್ದಿರಲಿಲ್ಲ.
ಸುಳ್ಳೂ ಅಲ್ಲ ಅದು.
ನಿಂದರಾಕ ಆಗತಿರಲಿಲ್ಲ.